ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ

“ಡಾಕ್ಟ್ರೇ, ಇವರ ಕಿವಿಗೆ ಏನೂ ಆಗಿಲ್ಲ. ಅಡುಗೆಮನೆಯಿಂದ ‘ಕಾಫಿ’ ಎಂದರೆ ಸಾಕು, ಎದ್ದು ಬರುತ್ತಾರೆ. ಆದರೆ ನಾಲ್ಕು ಜನ ಸೇರಿದ ಕಡೆ ಮಾತ್ರ ಯಾರು ಏನು ಹೇಳಿದರೂ ಗಮನವೇ ಇಲ್ಲ. ಬೇಕೆಂದೇ ಹೀಗೆ ಮಾಡುತ್ತಾರೆ.”

ಕೆಲವು ವರ್ಷಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಬಂದ ಹಿರಿಯ ಗೃಹಿಣಿಯೊಬ್ಬರು ತಮ್ಮ ಪತಿಯ ಬಗ್ಗೆ ಹೇಳಿದ ದೂರು ಇದು. ಪತಿ ನಿವೃತ್ತ ಮುಖ್ಯೋಪಾಧ್ಯಾಯರು, ವಯಸ್ಸು ಅರವತ್ತೆಂಟು. ಅವರು ಏನೂ ಹೇಳದೆ ಮುಗುಳ್ನಗುತ್ತ ಕುಳಿತಿದ್ದರು. ನಾನು ಕಿವಿಯೊಳಗೆ ಬೆಳಕು ಹಾಯಿಸಿ ನೋಡಿದೆ. ಗುಗ್ಗೆ ಇರಲಿಲ್ಲ, ತಮಟೆ ಸರಿಯಾಗಿತ್ತು. ಹಿಂದೆ ನಿಂತು ಸಾಧಾರಣ ದನಿಯಲ್ಲಿ ನಾಲ್ಕಾರು ಪ್ರಶ್ನೆ ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ ಬಂತು. “ಕಿವಿ ಚೆನ್ನಾಗಿದೆ ಮೇಷ್ಟ್ರೇ, ಸ್ವಲ್ಪ ಮನಸ್ಸಿಟ್ಟು ಕೇಳಿಸಿಕೊಳ್ಳಿ” ಎಂದು ಬುದ್ಧಿ ಹೇಳಿ ಕಳಿಸಿದೆ.

ಆರು ತಿಂಗಳ ನಂತರ ಅವರನ್ನು ಒಂದು ಮದುವೆಯಲ್ಲಿ ಕಂಡೆ. ಕಲ್ಯಾಣ ಮಂಟಪದ ಒಳಗಲ್ಲ, ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕದ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಪಕ್ಕದಲ್ಲಿ ಕುಳಿತು ಮಾತಾಡಿಸಿದಾಗ ನಡೆದದ್ದನ್ನು ಹೇಳಿದರು. ಹಿಂದಿನ ತಿಂಗಳು ಇಂಥದೇ ಒಂದು ಮದುವೆಯಲ್ಲಿ ಹಳೆಯ ಸಹೋದ್ಯೋಗಿ ಸಿಕ್ಕಿದ್ದರಂತೆ. ವಾಲಗದ ಸದ್ದು, ಜನರ ಗಲಾಟೆ. ಅವರು ತಮ್ಮ ಹೆಂಡತಿಯ ವಿಷಯವಾಗಿ ಏನೋ ಹೇಳಿದರು. ಮೇಷ್ಟ್ರ ಕಿವಿಗೆ “ಸೇರಿಕೊಂಡಳು” ಎಂದು ಬಿತ್ತು. ಎಲ್ಲೋ ಕೆಲಸಕ್ಕೆ ಸೇರಿರಬೇಕೆಂದುಕೊಂಡು, “ತುಂಬಾ ಸಂತೋಷ, ಒಳ್ಳೆಯದಾಯಿತು” ಎಂದರು. ಆ ಮನುಷ್ಯ ಹೇಳಿದ್ದು “ತೀರಿಕೊಂಡಳು” ಎಂದು.

“ಅವತ್ತಿನಿಂದ ಜನರ ನಡುವೆ ಕೂರುವುದಕ್ಕೆ ಭಯ ಡಾಕ್ಟ್ರೇ. ಕೇಳಿಸುತ್ತೆ, ಆದರೆ ತಿಳಿಯೋದಿಲ್ಲ” ಎಂದರು.

ತಪ್ಪು ನನ್ನದಾಗಿತ್ತು. ಬಾಗಿಲು ಮುಚ್ಚಿದ ಸದ್ದಿಲ್ಲದ ಕೋಣೆಯಲ್ಲಿ ನಾನು ಪರೀಕ್ಷಿಸಿದ್ದು ಒಂದು ಸಾಮರ್ಥ್ಯವನ್ನು, ಅವರು ಕಳೆದುಕೊಂಡಿದ್ದು ಇನ್ನೊಂದನ್ನು. ಸದ್ದನ್ನು ಕೇಳುವುದು ಬೇರೆ, ಹಲವು ಸದ್ದುಗಳ ನಡುವಿನಿಂದ ಬೇಕಾದ ಒಂದು ಮಾತನ್ನು ಹೆಕ್ಕಿ ತೆಗೆಯುವುದು ಬೇರೆ. ಎರಡನೆಯದು ಹೆಚ್ಚು ಕಷ್ಟದ ಕೆಲಸ. ಆದ್ದರಿಂದ ಬಹಳ ಜನರಲ್ಲಿ ಮೊದಲು ಕೈಕೊಡುವುದೂ ಅದೇ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಅವರನ್ನು ಗದರುವ ಮೊದಲು ಈ ಲೇಖನವನ್ನು ಓದಿ.

ಎಲ್ಲವೂ ಬೆರೆತ ಸಾರು

ಗಾಳಿಯಲ್ಲಿ ಬರುವ ಸದ್ದು ಎಂದರೆ ಒತ್ತಡದ ಅಲೆ. ಒಂದು ಕೋಣೆಯಲ್ಲಿ ಹತ್ತು ಜನ ಮಾತನಾಡಿದರೆ ಹತ್ತು ಅಲೆಗಳು ಹತ್ತು ದಾರಿಗಳಲ್ಲಿ ಬಂದು ಕಿವಿ ಸೇರುವುದಿಲ್ಲ. ಎಲ್ಲವೂ ಕೂಡಿಕೊಂಡು ಒಂದೇ ಅಲೆಯಾಗಿ ತಮಟೆಯನ್ನು ತಟ್ಟುತ್ತವೆ. ಕುದಿಯುವ ಸಾರಿಗೆ ಹುಳಿ, ಉಪ್ಪು, ಬೆಲ್ಲ, ಖಾರ ಹಾಕಿದ ಮೇಲೆ ಮತ್ತೆ ಬೆಲ್ಲವನ್ನು ಮಾತ್ರ ಬೇರೆ ತೆಗೆಯಿರಿ ಎಂದರೆ ಸಾಧ್ಯವೇ? ನಮ್ಮ ಕಿವಿ ಮತ್ತು ಮಿದುಳು ದಿನವೂ ಮಾಡುತ್ತಿರುವುದು ಹೆಚ್ಚುಕಡಿಮೆ ಅಂಥದೇ ಕೆಲಸ.

ತಮಟೆಯ ಕಂಪನ ಮೂರು ಪುಟ್ಟ ಮೂಳೆಗಳ ಮೂಲಕ ಒಳಕಿವಿಯ ಕಾಕ್ಲಿಯಾ ಎಂಬ ಭಾಗಕ್ಕೆ ಹೋಗುತ್ತದೆ. ಶಂಖದಂತೆ ಸುರುಳಿ ಸುತ್ತಿದ ಈ ಅಂಗದ ಬುಡದಲ್ಲಿ ತೀಕ್ಷ್ಣ ಸ್ವರಗಳೂ ತುದಿಯಲ್ಲಿ ಮಂದ್ರ ಸ್ವರಗಳೂ ಹೆಚ್ಚು ಕಂಪನ ಉಂಟುಮಾಡುತ್ತವೆ. ಹಾರ್ಮೋನಿಯಂ ಮನೆಗಳಂತೆ ಒಂದೊಂದು ಜಾಗಕ್ಕೆ ಒಂದೊಂದು ಸ್ವರ. ಈ ವಿಷಯದಲ್ಲಿ ಮಹತ್ವದ ಸಂಶೋಧನೆ ಮಾಡಿದ ಜಾರ್ಜ್ ಫಾನ್ ಬೇಕೇಶಿ ಅವರಿಗೆ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಪ್ರತಿ ಕಿವಿಯ ಈ ಸುರುಳಿಯಲ್ಲಿ ಸುಮಾರು 3,500 ಒಳ ರೋಮಕೋಶಗಳೂ ಸುಮಾರು 12,000 ಹೊರ ರೋಮಕೋಶಗಳೂ ಇವೆ. ಒಳ ಕೋಶಗಳು ಸುದ್ದಿಯನ್ನು ನರಕ್ಕೆ ದಾಟಿಸುತ್ತವೆ. ಹೊರ ಕೋಶಗಳು ಸಣ್ಣ ಸದ್ದುಗಳನ್ನು ಹಿಗ್ಗಿಸುತ್ತವೆ ಮತ್ತು ಒಂದು ಸ್ವರವನ್ನು ಅದರ ಪಕ್ಕದ ಸ್ವರದಿಂದ ಸ್ಪಷ್ಟವಾಗಿ ಬೇರ್ಪಡಿಸಲು ನೆರವಾಗುತ್ತವೆ. ಸುಮಾರು ಮೂವತ್ತು ಸಾವಿರ ನರತಂತುಗಳು ಈ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಮುಂದಿನ ಕೆಲಸ ಮಿದುಳಿನದು.

ಮಿದುಳು ಬೇರ್ಪಡಿಸುವ ಬಗೆ

1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಒಬ್ಬನೇ ವ್ಯಕ್ತಿ ಓದಿದ ಎರಡು ಬೇರೆ ಬೇರೆ ಪಾಠಗಳನ್ನು ಬೆರೆಸಿ ಕೇಳಿಸಿದಾಗ ಕೇಳುಗರು ಅವನ್ನು ಬಿಡಿಸಲು ಬಹಳ ಒದ್ದಾಡಿದರು. ಅದೇ ಎರಡು ಪಾಠಗಳನ್ನು ಎಡಗಿವಿಗೊಂದು, ಬಲಗಿವಿಗೊಂದು ಕೊಟ್ಟಾಗ ಬೇಕಾದದ್ದನ್ನು ಸುಲಭವಾಗಿ ಹಿಡಿದರು. ಸ್ವಾರಸ್ಯವೆಂದರೆ, ಗಮನ ಕೊಡದ ಕಿವಿಯಲ್ಲಿ ಭಾಷೆ ಇಂಗ್ಲಿಷಿನಿಂದ ಜರ್ಮನ್‌ಗೆ ಬದಲಾದದ್ದು ಕೂಡ ಅವರಿಗೆ ತಿಳಿಯಲಿಲ್ಲ. ಆದರೆ ಗಂಡಿನ ದನಿ ಹೆಣ್ಣಿನ ದನಿಯಾದದ್ದು ತಿಳಿಯಿತು.

ಅಂದಿನಿಂದ ನಡೆದ ಸಂಶೋಧನೆಗಳಿಂದ ಮಿದುಳು ಬಳಸುವ ಮುಖ್ಯ ಸುಳಿವುಗಳು ತಿಳಿದುಬಂದಿವೆ.

ಮೊದಲನೆಯದು ಎರಡು ಕಿವಿಗಳ ನಡುವಿನ ವ್ಯತ್ಯಾಸ. ನಿಮ್ಮ ಬಲಗಡೆಯಿಂದ ಬಂದ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ಎಡಗಿವಿಗೆ ತಲುಪುವುದು ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಸಮಯ ತಡವಾಗಿ. ಆರೋಗ್ಯವಂತ ಮಿದುಳು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಅಂತರವನ್ನೂ ಗುರುತಿಸಬಲ್ಲದು! ಜೊತೆಗೆ ತಲೆಯೇ ಅಡ್ಡವಾಗಿ ಆಚೆ ಕಿವಿಗೆ ಸದ್ದು ಸ್ವಲ್ಪ ಕುಗ್ಗಿ ಕೇಳಿಸುತ್ತದೆ. ಆದ್ದರಿಂದಲೇ ಒಂದೇ ಕಿವಿ ಕೇಳುವವರು ಮನೆಯಲ್ಲಿ ಹೇಗೋ ನಿಭಾಯಿಸಿದರೂ ಗುಂಪಿನಲ್ಲಿ ಸೋಲುತ್ತಾರೆ.

ಎರಡನೆಯದು ದನಿಯ ಸ್ವಭಾವ. ಹೆಂಗಸಿನ ದನಿ, ಗಂಡಸಿನ ದನಿ, ಮಗುವಿನ ದನಿ, ಇವುಗಳ ಶ್ರುತಿ ಬೇರೆ. ಒಂದೇ ಶ್ರುತಿಯ ತುಣುಕುಗಳನ್ನೆಲ್ಲ ಮಿದುಳು ಒಬ್ಬರದೆಂದು ಒಟ್ಟುಗೂಡಿಸುತ್ತದೆ. ಪರಿಚಿತರ ದನಿಯನ್ನು ಹಿಡಿಯುವುದು ಇನ್ನೂ ಸುಲಭ.

ಮೂರನೆಯದು ಸಂದುಗಳು. ಗದ್ದಲ ಒಂದೇ ಸಮನೆ ಇರುವುದಿಲ್ಲ. ಅದು ಏರಿಳಿಯುವಾಗ ಸಿಗುವ ಸಣ್ಣ ಸಣ್ಣ ಬಿಡುವಿನಲ್ಲಿ ಮಿದುಳು ಮಾತಿನ ಚೂರುಗಳನ್ನು ಇಣುಕಿ ಹಿಡಿಯುತ್ತದೆ. ಉಳಿದದ್ದನ್ನು ಸಂದರ್ಭದಿಂದ, ಭಾಷೆಯ ತಿಳಿವಳಿಕೆಯಿಂದ ತುಂಬಿಕೊಳ್ಳುತ್ತದೆ. ಊಟದ ಎಲೆಯ ಮುಂದೆ “...ಪ್ಪಳ ಬೇಕಾ?” ಎಂದರೆ ಅದು ಹಪ್ಪಳವೇ ಎಂದು ಯಾರಿಗಾದರೂ ಗೊತ್ತು.

ನಾಲ್ಕನೆಯದು ಕಣ್ಣು. ಮಾತನಾಡುವವರ ತುಟಿಯ ಚಲನೆ ಕಂಡರೆ ಗದ್ದಲದಲ್ಲಿ ಮಾತು ಗಣನೀಯವಾಗಿ ಹೆಚ್ಚು ತಿಳಿಯುತ್ತದೆ. ಇದು ಕಿವುಡರಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಅನ್ವಯಿಸುತ್ತದೆ. “ಕನ್ನಡಕ ಹಾಕಿಕೊಂಡರೆ ಚೆನ್ನಾಗಿ ಕೇಳಿಸುತ್ತದೆ” ಎನ್ನುವ ಅಜ್ಜಿಯನ್ನು ನೋಡಿ ನಗಬೇಡಿ. ಅವರು ಹೇಳುವುದು ನಿಜ.

ಗೋಡೆಗಳೂ ಮಾತನಾಡುತ್ತವೆ

ಬಯಲಿನಲ್ಲಿ ನಡೆಯುವ ಜಾತ್ರೆಯ ಗದ್ದಲಕ್ಕಿಂತ ಕಲ್ಯಾಣ ಮಂಟಪದ ಗದ್ದಲ ಏಕೆ ಹೆಚ್ಚು ಸುಸ್ತು ಮಾಡುತ್ತದೆ? ಉತ್ತರ ಗೋಡೆಗಳಲ್ಲಿದೆ.

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೂವತ್ತು ಮೀಟರ್ ಉದ್ದದ ಸಭಾಂಗಣವಾದರೆ ಒಂದು ಸೆಕೆಂಡಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹನ್ನೊಂದು ಸಲ ಓಡಾಡಬಲ್ಲದು. ಗ್ರಾನೈಟ್ ನೆಲ, ನುಣುಪಾದ ಗೋಡೆ, ಗಾಜಿನ ಕಿಟಕಿ, ಕಾಂಕ್ರೀಟ್ ಚಾವಣಿ, ಇವು ಯಾವುವೂ ಸದ್ದನ್ನು ಹೀರಿಕೊಳ್ಳುವುದಿಲ್ಲ. ಚೆಂಡಿನಂತೆ ವಾಪಸು ಎಸೆಯುತ್ತವೆ. ಹಾಗಾಗಿ ಆಡಿದ ಒಂದು ಮಾತು ಒಂದೆರಡು ಸೆಕೆಂಡು ಅಲ್ಲೇ ಸುತ್ತುತ್ತಿರುತ್ತದೆ. ಇದಕ್ಕೆ ಅನುರಣನ ಎಂದು ಹೆಸರು. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರಗಳ ವೇಗದಲ್ಲಿ ಮಾತನಾಡುತ್ತೇವೆ ಎಂದಿಟ್ಟುಕೊಳ್ಳಿ. ಹತ್ತನೆಯ ಅಕ್ಷರ ಆಡುವಾಗ ಮೊದಲನೆಯ ಅಕ್ಷರದ ಬಾಲ ಇನ್ನೂ ಗಾಳಿಯಲ್ಲಿರುತ್ತದೆ. ಬರೆದ ಸಾಲಿನ ಮೇಲೆಯೇ ಮತ್ತೊಂದು ಸಾಲು ಬರೆದಂತೆ!

ವಿಜಯಪುರದ ಗೋಲಗುಂಬಜ್ ನೋಡಿದವರಿಗೆ ಇದರ ಅನುಭವವಿರುತ್ತದೆ. ಪಿಸುಮಾತಿನ ಮೊಗಸಾಲೆಯಲ್ಲಿ ಜನರಿಲ್ಲದ ಹೊತ್ತಿನಲ್ಲಿ ಒಬ್ಬರು ಪಿಸುಗುಟ್ಟಿದ್ದು ಎದುರು ದಂಡೆಗೆ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುಕಳಿಸುತ್ತದೆ. ಆದರೆ ಶಾಲಾ ಪ್ರವಾಸದ ಮಕ್ಕಳ ಎರಡು ಬಸ್ಸು ಬಂದು ಎಲ್ಲರೂ ಕೂಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ತಿಳಿಯುವುದಿಲ್ಲ. ನಮ್ಮ ಅನೇಕ ಕಲ್ಯಾಣ ಮಂಟಪಗಳು ಸಣ್ಣ ಗೋಲಗುಂಬಜ್‌ಗಳೇ.

ಮಾರ್ದನಿಯನ್ನು ನಿಭಾಯಿಸಲೂ ಮಿದುಳಿಗೆ ಒಂದು ಉಪಾಯವಿದೆ. ಮೊದಲು ಬಂದ ಸದ್ದನ್ನು ನಿಜವೆಂದು ಹಿಡಿದು, ಅದರ ಬೆನ್ನಿಗೇ ಸೆಕೆಂಡಿನ ಕೆಲವೇ ನೂರನೇ ಭಾಗಗಳಲ್ಲಿ ಬಂದ ಪ್ರತಿಗಳನ್ನು ಅದರೊಂದಿಗೇ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಸಣ್ಣ ಕೋಣೆಯಲ್ಲಿ ನಮಗೆ ಮಾರ್ದನಿ ಇರುವುದೇ ಗೊತ್ತಾಗುವುದಿಲ್ಲ. ದೊಡ್ಡ ಸಭಾಂಗಣದಲ್ಲಿ ತಡವಾಗಿ, ಎಲ್ಲ ದಿಕ್ಕುಗಳಿಂದ ಬರುವ ಮಾರ್ದನಿಗೆ ಈ ಉಪಾಯ ಸಾಲದು. ಎರಡು ಕಿವಿಗಳ ನಡುವಿನ ಸೂಕ್ಷ್ಮ ಅಂತರವೂ ಆಗ ಕಲಸಿಹೋಗುತ್ತದೆ. ಗದ್ದಲದ ಸಂದುಗಳನ್ನು ಮಾರ್ದನಿ ತುಂಬಿಬಿಡುತ್ತದೆ. ಒಂದೇ ಏಟಿಗೆ ಎರಡು ಸುಳಿವುಗಳು ನಷ್ಟ.

ಇದರ ಜೊತೆಗೆ ನಮ್ಮ ಸ್ವಭಾವ ಬೇರೆ. ಸದ್ದು ಹೆಚ್ಚಾದಂತೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಇದನ್ನು 1911ರಲ್ಲಿ ಗುರುತಿಸಿದವರು ಫ್ರಾನ್ಸಿನ ಕಿವಿ ವೈದ್ಯ ಎತಿಯೆನ್ ಲೊಂಬಾರ್. ಒಬ್ಬರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ. ಧ್ವನಿವರ್ಧಕದವನು ಇನ್ನಷ್ಟು ಏರಿಸುತ್ತಾನೆ. ಕೊನೆಗೆ ಎಲ್ಲರೂ ಕೂಗುತ್ತಿರುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ.

ವಯಸ್ಸಾದಂತೆ ಏನಾಗುತ್ತದೆ?

ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನಿಂದ ಮತ್ತು ಜೀವನವಿಡೀ ಕೇಳಿದ ಜೋರು ಸದ್ದಿನಿಂದ ಮೊದಲು ಹಾಳಾಗುವುದು ಸಾಮಾನ್ಯವಾಗಿ ತೀಕ್ಷ್ಣ ಸ್ವರಗಳ ಭಾಗ. ಇದರ ಪರಿಣಾಮ ಮಾತಿನ ಮೇಲೆ ವಿಚಿತ್ರ ರೀತಿಯಲ್ಲಿ ಆಗುತ್ತದೆ. ಅ, ಆ, ಓ ಮುಂತಾದ ಸ್ವರಾಕ್ಷರಗಳ ಶಕ್ತಿಯ ಬಹುಪಾಲು ಕೆಳಗಿನ ಸ್ತರದಲ್ಲಿರುತ್ತದೆ. ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಸ, ಶ, ಚ, ತ, ಪ, ಕ ಮುಂತಾದ ವ್ಯಂಜನಗಳು ಕ್ಷೀಣ, ಮತ್ತು ಅವುಗಳ ಗುರುತು ಬಹುಮಟ್ಟಿಗೆ ಮೇಲಿನ ಸ್ತರದಲ್ಲಿರುತ್ತದೆ. ‘ಸ’ಕಾರದ ಸೀಟಿಯಂಥ ಸದ್ದಂತೂ ಹೆಚ್ಚಾಗಿ 4,000 ಹರ್ಟ್ಸ್‌ಗೂ ಮೇಲೆ.

ಹಾಲು, ಸಾಲು, ಕಾಲು, ಪಾಲು. ಈ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳಿನೋಡಿ. ಮೊದಲ ವ್ಯಂಜನ ತೆಗೆದರೆ ನಾಲ್ಕೂ “ಆಲು”. ದನಿ ಕೇಳಿಸಿತು, ಮಾತು ತಿಳಿಯಲಿಲ್ಲ. ಮೇಷ್ಟ್ರಿಗೂ ಆದದ್ದು ಇದೇ. “ರಿಕೊಂಡಳು” ಎಂಬಷ್ಟು ಸ್ಪಷ್ಟವಾಗಿ ಸಿಕ್ಕಿತು. ಮೊದಲ ಅಕ್ಷರವನ್ನು ಗದ್ದಲ ನುಂಗಿತು. ಮಿದುಳು ತನಗೆ ತೋಚಿದ್ದನ್ನು ತುಂಬಿತು.

ಹೊರ ರೋಮಕೋಶಗಳು ಕಡಿಮೆಯಾದಾಗ ಸ್ವರ ಸ್ವರಗಳ ನಡುವಿನ ಗೆರೆಯೂ ಮಾಸುತ್ತದೆ. ಇದಲ್ಲದೆ 2009ರಲ್ಲಿ ಅಮೆರಿಕದ ಕುಜಾವಾ ಮತ್ತು ಲೀಬರ್‌ಮನ್ ಎಂಬ ಸಂಶೋಧಕರು ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಜೋರು ಸದ್ದಿನ ನಂತರ ರೋಮಕೋಶಗಳು ಉಳಿದಿದ್ದವು, ಕೇಳುವ ಮಟ್ಟವೂ ಮೊದಲಿನಂತಾಯಿತು. ಆದರೆ ಕೋಶಕ್ಕೂ ನರಕ್ಕೂ ಇರುವ ಬೆಸುಗೆಗಳಲ್ಲಿ ಅನೇಕವು ಶಾಶ್ವತವಾಗಿ ಕಳಚಿದ್ದವು. ಮಾಮೂಲಿ ಪರೀಕ್ಷೆಯಲ್ಲಿ ಕಿವಿ ಸರಿಯಿದ್ದೂ ಗದ್ದಲದಲ್ಲಿ ತಿಳಿಯದಿರುವ ಕೆಲವರಲ್ಲಿ ಇಂಥದೇ ನಷ್ಟ ಇರಬಹುದೆಂದು ತಜ್ಞರು ಊಹಿಸುತ್ತಾರೆ. ಮನುಷ್ಯರಲ್ಲಿ ಇದರ ಪಾತ್ರವೆಷ್ಟು ಎಂಬುದು ಇನ್ನೂ ಚರ್ಚೆಯಲ್ಲಿದೆ.

ವಯಸ್ಸಾದ ಮಿದುಳು ಸಮಯದ ಸೂಕ್ಷ್ಮ ಅಂತರಗಳನ್ನು ಅಳೆಯುವುದರಲ್ಲಿ ನಿಧಾನವಾಗುತ್ತದೆ. ಅರ್ಧಂಬರ್ಧ ಮಾತನ್ನು ತುಂಬಿಸಿಕೊಳ್ಳುವುದರಲ್ಲೇ ಅದರ ಶಕ್ತಿಯೆಲ್ಲ ಖರ್ಚಾಗುತ್ತದೆ. ಹಿರಿಯರು ಸಮಾರಂಭದಿಂದ ಬಂದು “ತಲೆ ಭಾರ, ಸುಸ್ತು” ಎಂದು ಮಲಗುವುದಕ್ಕೆ ಊಟವೊಂದೇ ಕಾರಣವಲ್ಲ.

ಇದು ಸಣ್ಣ ವಿಷಯವಲ್ಲ. ಮಾತು ತಿಳಿಯದವರು ಮೊದಲು ಸುಮ್ಮನೆ ತಲೆಯಾಡಿಸುತ್ತಾರೆ, ಆಮೇಲೆ ಮೂಲೆಯಲ್ಲಿ ಕೂರುತ್ತಾರೆ, ಕೊನೆಗೆ ಮನೆಯಲ್ಲೇ ಉಳಿಯುತ್ತಾರೆ. ಒಂಟಿತನ ಖಿನ್ನತೆಗೆ ದಾರಿ. ಮರೆವಿನ ರೋಗದ ಬಗ್ಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2017, 2020 ಮತ್ತು 2024ರ ವರದಿಗಳಲ್ಲಿ, ನಾವು ಸರಿಪಡಿಸಬಹುದಾದ ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷವನ್ನೂ ಸೇರಿಸಿದೆ. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆ ಎಂದು ಇದರ ಅರ್ಥವಲ್ಲ. ಕಿವಿಯನ್ನು ಅಸಡ್ಡೆ ಮಾಡಬಾರದು ಎಂದಷ್ಟೇ.

ಮಕ್ಕಳ ಪಾಡು

ಗದ್ದಲದಿಂದ ಮಾತನ್ನು ಹೆಕ್ಕುವ ಸಾಮರ್ಥ್ಯ ಮಕ್ಕಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಅದು ಪೂರ್ಣವಾಗಲು ಹದಿಹರೆಯದವರೆಗೂ ಬೇಕು. ದೊಡ್ಡವರಂತೆ ಬಿಟ್ಟ ಪದಗಳನ್ನು ಊಹಿಸಿಕೊಳ್ಳುವಷ್ಟು ಭಾಷೆಯೂ ಅವರಲ್ಲಿ ಇರುವುದಿಲ್ಲ. ಖಾಲಿ ಗೋಡೆ, ತಗಡಿನ ಚಾವಣಿ, ರಸ್ತೆಗೆ ತೆರೆದ ಕಿಟಕಿಯ ತರಗತಿಯಲ್ಲಿ ಕೊನೆಯ ಬೆಂಚಿನ ಮಗುವಿಗೆ ಪಾಠದ ಅರ್ಧ ಕೇಳಿಸದೆ ಹೋಗಬಹುದು. ನೆಗಡಿಯ ನಂತರ ತಮಟೆಯ ಹಿಂದೆ ನೀರು ನಿಂತ ಮಗುವಿನ ಸ್ಥಿತಿ ಇನ್ನೂ ಕಷ್ಟ. ನಿಮ್ಮ ಮಗುವಿಗೆ ‘ಗಮನವಿಲ್ಲ’ ಎಂದು ಶಾಲೆಯಿಂದ ದೂರು ಬಂದರೆ ಬೈಯುವ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಮುಂದಿನ ಬೆಂಚಿನಲ್ಲಿ ಕೂರಿಸುವಂತೆ ಕೇಳಿಕೊಳ್ಳಿ.

ಯಾವಾಗ ಪರೀಕ್ಷೆ ಮಾಡಿಸಬೇಕು?

ಗುಂಪಿನಲ್ಲಿ ಮಾತು ತಿಳಿಯುತ್ತಿಲ್ಲ ಎಂದಾಗ, ಟಿ.ವಿ. ಸದ್ದು ದಿನೇ ದಿನೇ ಏರುತ್ತಿದ್ದಾಗ, “ಏನಂದ್ರಿ?” ಎಂಬ ಪ್ರಶ್ನೆ ಪದೇ ಪದೇ ಬಂದಾಗ, ಕಿವಿಯಲ್ಲಿ ಗುಂಯ್‌ಗುಡುವಿಕೆ ಇದ್ದಾಗ ಪರೀಕ್ಷೆ ಮಾಡಿಸಿ. ಮೊದಲು ಗುಗ್ಗೆ, ಸೋರುವಿಕೆ, ತಮಟೆಯ ತೂತು ಇವೆಯೇ ಎಂದು ನೋಡಬೇಕು. ಇವುಗಳಿಗೆ ಚಿಕಿತ್ಸೆಯಿದೆ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಪ್ರತಿ ಸ್ವರಕ್ಕೂ ಕಿವಿಯ ಮಟ್ಟ ಅಳೆದು ಆಡಿಯೋಗ್ರಾಂ ಎಂಬ ನಕ್ಷೆ ತೆಗೆಯುತ್ತಾರೆ. ಇಲ್ಲಿಗೇ ನಿಲ್ಲಬೇಡಿ. “ಗದ್ದಲದಲ್ಲಿ ಮಾತು ತಿಳಿಯುವ ಪರೀಕ್ಷೆಯನ್ನೂ ಮಾಡಿ” ಎಂದು ಕೇಳಿ. ಕನ್ನಡದ ಪದ, ವಾಕ್ಯಗಳಿಂದಲೇ ಮಾಡುವ ಇಂಥ ಪರೀಕ್ಷೆಗಳು ಈಗ ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲೂ ವಿಚಾರಿಸಬಹುದು.

ಒಂದು ಎಚ್ಚರಿಕೆ. ಒಂದು ಕಿವಿ ಒಮ್ಮೆಲೇ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕೇಳಿಸದಂತಾದರೆ ಅದು ತುರ್ತು ಪರಿಸ್ಥಿತಿ. ಗುಗ್ಗೆ ಇರಬಹುದೆಂದು ಎಣ್ಣೆ ಬಿಟ್ಟು ಕಾಯಬೇಡಿ. ಅಂದೇ ತಜ್ಞರನ್ನು ಕಾಣಿ. ದಿನಗಳೆದಂತೆ ಚಿಕಿತ್ಸೆ ಫಲಿಸುವ ಸಾಧ್ಯತೆ ಕುಗ್ಗುತ್ತದೆ.

ಶ್ರವಣ ಸಾಧನ ಏನು ಮಾಡಬಲ್ಲದು?

ಶ್ರವಣ ಸಾಧನ ತಂದವರು ಅನೇಕರು ಅದನ್ನು ಬೀರುವಿನಲ್ಲಿ ಇಡುತ್ತಾರೆ. “ಎಲ್ಲ ಸದ್ದೂ ಜೋರಾಯಿತು, ಮಾತು ಮಾತ್ರ ಹಾಗೇ ಇದೆ” ಎಂಬುದು ಅವರ ದೂರು. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುವಂತೆ ಸಾಧನ ಹಾಕಿದ ಕೂಡಲೇ ಮಾತು ತಿಳಿಯುವುದಿಲ್ಲ. ಎಷ್ಟೋ ವರ್ಷ ಕೇಳದ ಸದ್ದುಗಳಿಗೆ ಮಿದುಳು ಹೊಂದಿಕೊಳ್ಳಲು ಕೆಲವು ವಾರಗಳು ಬೇಕು. ಮನೆಯಲ್ಲಿ ದಿನವೂ ಹಾಕಿ ಅಭ್ಯಾಸ ಮಾಡಿಕೊಂಡ ಮೇಲೆ ಮದುವೆಗೆ ಹಾಕಿಕೊಂಡು ಹೋಗಬೇಕು. ಎರಡೂ ಕಿವಿ ಮಂದವಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಸಾಧನ ಒಳ್ಳೆಯದು. ಕಾರಣವನ್ನು ಮೇಲೆ ಓದಿದ್ದೀರಿ.

ಈಗಿನ ಸಾಧನಗಳಲ್ಲಿ ಎರಡು ಪುಟ್ಟ ಮೈಕುಗಳಿದ್ದು, ಅವೆರಡಕ್ಕೂ ಸದ್ದು ಮುಟ್ಟುವ ಸಮಯದ ಅಂತರದಿಂದ ಮುಂದಿನ ಸದ್ದನ್ನು ಉಳಿಸಿ ಹಿಂದಿನದನ್ನು ತಗ್ಗಿಸುತ್ತವೆ. ಮಿದುಳಿನ ಉಪಾಯದ ನಕಲು! ಕೆಲವು ಹೊಸ ಸಾಧನಗಳಲ್ಲಿ ಮಾತು ಯಾವುದು, ಗದ್ದಲ ಯಾವುದು ಎಂದು ಲೆಕ್ಕವಿಲ್ಲದಷ್ಟು ಉದಾಹರಣೆಗಳಿಂದ ಕಲಿತ ಗಣಕ ವ್ಯವಸ್ಥೆಯೂ ಇದೆ. ಇವು ನಿಜಕ್ಕೂ ಉಪಯುಕ್ತ. ಆದರೆ ಮಾರ್ದನಿ ತುಂಬಿದ ಸಭಾಂಗಣದಲ್ಲಿ ಇವೂ ಹೆಣಗುತ್ತವೆ. ಗದ್ದಲವೂ ಮನುಷ್ಯರ ಮಾತೇ, ಅದೂ ಎಲ್ಲ ದಿಕ್ಕಿನಿಂದ, ಒಂದೊಂದು ದನಿ ಹತ್ತಾರು ದಾರಿಗಳಲ್ಲಿ ಬರುವಾಗ ಯಂತ್ರ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು?

ಇಂಥ ಕಡೆ ಹೆಚ್ಚು ಕೆಲಸಕ್ಕೆ ಬರುವುದು ಮಾತನಾಡುವವರ ಎದೆಯ ಬಳಿ ಸಿಕ್ಕಿಸುವ ಪುಟ್ಟ ಮೈಕು. ಗೋಡೆಗೆ ಹೋಗುವ ಮೊದಲೇ ಮಾತನ್ನು ಹಿಡಿದು ನಿಸ್ತಂತುವಾಗಿ ಸಾಧನಕ್ಕೆ ಕಳಿಸುತ್ತದೆ. ಕೊಳ್ಳುವ ಮೊದಲು ಈ ಸೌಲಭ್ಯವಿದೆಯೇ ಎಂದು ವಿಚಾರಿಸಿ. ಪರೀಕ್ಷೆಯಿಲ್ಲದೆ, ಜಾಹೀರಾತು ನೋಡಿ ಸಾಧನ ತರಿಸಬೇಡಿ.

ಮನೆಯವರು ಮಾಡಬೇಕಾದದ್ದು

ಇದು ಅತ್ಯಂತ ಮುಖ್ಯವಾದ ಭಾಗ. ಇದಕ್ಕೆ ಖರ್ಚೂ ಇಲ್ಲ.

1. ಹತ್ತಿರ ಹೋಗಿ. ದೂರವನ್ನು ಅರ್ಧ ಮಾಡಿದರೆ ನೇರವಾಗಿ ತಲುಪುವ ದನಿ 6 ಡೆಸಿಬೆಲ್ ಏರುತ್ತದೆ, ಎಂದರೆ ಅದರ ಶಕ್ತಿ ನಾಲ್ಕು ಪಟ್ಟು. ಗದ್ದಲ ಮಾತ್ರ ಹಾಗೇ ಇರುತ್ತದೆ. ಮಾರ್ದನಿಯಿರುವ ಸಭಾಂಗಣದಲ್ಲಿ ಎರಡು ಮೂರು ಮೀಟರ್ ದಾಟಿದರೆ ನೇರ ದನಿಗಿಂತ ಗೋಡೆಯ ದನಿಯೇ ಹೆಚ್ಚಾಗಬಹುದು. ಹಾಗಾಗಿ ಒಂದು ಕೈಯಳತೆಯಲ್ಲಿ ನಿಂತು ಮಾತನಾಡಿ.

2. ಕೂಗಬೇಡಿ. ಕೂಗಿದರೆ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಹಿಂದೆ ಬೀಳುತ್ತವೆ. ಸಾಧಾರಣ ದನಿಯಲ್ಲಿ, ಸ್ವಲ್ಪ ನಿಧಾನವಾಗಿ, ಸ್ಪಷ್ಟವಾಗಿ ಹೇಳಿ.

3. ಮೊದಲು ಹೆಸರು ಹಿಡಿದು ಕರೆಯಿರಿ, ಮುಖ ತಿರುಗಿದ ಮೇಲೆ ಮಾತು ಶುರುಮಾಡಿ. ತನ್ನ ಹೆಸರು ಗದ್ದಲದಲ್ಲೂ ಬೇಗ ಗಮನ ಸೆಳೆಯುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬಾಯಿಗೆ ಕೈ ಅಡ್ಡ ಬೇಡ.

4. ತಿಳಿಯದಿದ್ದರೆ ಅದೇ ಮಾತನ್ನು ನಾಲ್ಕು ಸಲ ಒದರಬೇಡಿ, ಬೇರೆ ಪದಗಳಲ್ಲಿ ಹೇಳಿ. ಸಾವು, ಕಾಯಿಲೆ, ಹಣ, ಪ್ರಯಾಣದ ಸಮಯ ಇಂಥ ಮುಖ್ಯ ಸಂಗತಿಗಳನ್ನು ಗದ್ದಲದಲ್ಲಿ ಹೇಳಲೇಬೇಡಿ. ಹೊರಗೆ ಕರೆದುಕೊಂಡು ಹೋಗಿ ಹೇಳಿ.

5. ಸಮಾರಂಭದಲ್ಲಿ ಅವರನ್ನು ಧ್ವನಿವರ್ಧಕದಿಂದ ದೂರ, ಬಾಗಿಲು ಅಥವಾ ತೆರೆದ ಕಿಟಕಿಯ ಬಳಿ ಕೂರಿಸಿ. ಚೆನ್ನಾಗಿ ಕೇಳುವ ಕಿವಿ ಮಾತನಾಡುವವರ ಕಡೆಗಿರಲಿ. ಒಬ್ಬೊಬ್ಬರಾಗಿ ಹೋಗಿ ಮಾತಾಡಿಸಿ.

6. ಮನೆಯಲ್ಲಿ ಮಾತನಾಡುವಾಗ ಟಿ.ವಿ., ಮಿಕ್ಸರ್ ಆರಿಸಿ. ಬರಿಗೋಡೆಯ ಹಜಾರಕ್ಕೆ ದಪ್ಪ ಪರದೆ, ಜಮಖಾನೆ, ಬಟ್ಟೆ ಹೊದಿಸಿದ ಕುರ್ಚಿ, ಪುಸ್ತಕದ ಕಪಾಟು ಬಂದರೆ ಮಾರ್ದನಿ ಇಳಿಯುತ್ತದೆ. ಇದು ಹಳೆಯ ವಿದ್ಯೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾರ್ದನಿ ಐದು ಸೆಕೆಂಡಿಗೂ ಹೆಚ್ಚು ಉಳಿದು ಪಾಠವೇ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸಬೈನ್ ಎಂಬ ಯುವ ಅಧ್ಯಾಪಕ ರಾತ್ರಿ ಹೊತ್ತು ಪಕ್ಕದ ರಂಗಮಂದಿರದ ಕುರ್ಚಿ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಮೆತ್ತೆ ಹೆಚ್ಚಾದಂತೆ ಮಾರ್ದನಿ ಎಷ್ಟು ಇಳಿಯುತ್ತದೆಂದು ಅಳೆದರು. ಇಂದಿನ ಸಭಾಂಗಣ ವಿಜ್ಞಾನಕ್ಕೆ ಅದೇ ಬುನಾದಿ. ಕಲ್ಯಾಣ ಮಂಟಪ ಕಟ್ಟಿಸುವವರು ಅಮೃತಶಿಲೆಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಸದ್ದು ಹೀರುವ ಚಾವಣಿಗೆ ಇಟ್ಟರೆ ಹಿರಿಯರ ಆಶೀರ್ವಾದ ಸಿಗುತ್ತದೆ.

7. ಉಳಿದ ಕಿವಿಯನ್ನು ಕಾಪಾಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸುರಕ್ಷಿತ ಮಿತಿ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನ ಸದ್ದನ್ನು ಮೀರುವಂತೆ ಹಾಡು ಕೇಳುವ ಯುವಕರು ಇದನ್ನು ನೆನಪಿಡಬೇಕು. ಬಡ್ಸ್, ಹೇರ್‌ಪಿನ್, ಕಾಯಿಸಿದ ಎಣ್ಣೆ ಕಿವಿಗೆ ಬೇಡ.

ಇನ್ನು ನಮ್ಮ ಮೇಷ್ಟ್ರ ವಿಷಯ. ಕಟ್ಟೆಯ ಮೇಲೆ ಕೂತು ಮಾತಾಡಿದ ಮರುವಾರ ಅವರಿಗೆ ಆಡಿಯೋಗ್ರಾಂ ಮಾಡಿಸಿದೆ. ಮಂದ್ರ ಸ್ವರಗಳಲ್ಲಿ ನಕ್ಷೆ ಹೆಚ್ಚುಕಡಿಮೆ ಸರಿಯಾಗಿತ್ತು, ತೀಕ್ಷ್ಣ ಸ್ವರಗಳಲ್ಲಿ ಬೆಟ್ಟದಿಂದ ಇಳಿದಂತೆ ಇಳಿದಿತ್ತು. ಈಗ ಎರಡೂ ಕಿವಿಗೆ ಸಾಧನವಿದೆ. ದೊಡ್ಡ ಮದುವೆಗಳಲ್ಲಿ ಇಂದಿಗೂ ಅವರಿಗೆ ಎಲ್ಲವೂ ತಿಳಿಯುವುದಿಲ್ಲ. ಆದರೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ, ಒಳಗೇ ಇರುತ್ತಾರೆ. ಹೆಂಡತಿ “ಬೇಕೆಂದೇ ಮಾಡುತ್ತಾರೆ” ಎನ್ನುವುದನ್ನು ಬಿಟ್ಟಿದ್ದಾರೆ. ಆ ಹಳೆಯ ಸಹೋದ್ಯೋಗಿಯ ಮನೆಗೆ ಮೇಷ್ಟ್ರು ತಾವಾಗಿಯೇ ಹೋಗಿ, ಸದ್ದಿಲ್ಲದ ಹಜಾರದಲ್ಲಿ ಎದುರು ಕುಳಿತು, ನಡೆದದ್ದನ್ನು ವಿವರಿಸಿ ಬಂದರಂತೆ.

ನಾನು ಈಗ ರೋಗಿಗಳ ಕಿವಿ ನೋಡುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ: “ನಾಲ್ಕು ಜನರ ನಡುವೆ ಮಾತು ತಿಳಿಯುತ್ತದೆಯೇ?” ನಿಮ್ಮ ಮನೆಯ ಹಿರಿಯರನ್ನೂ ಇಂದು ಸಂಜೆ ಈ ಪ್ರಶ್ನೆ ಕೇಳಿ. ಟಿ.ವಿ. ಆರಿಸಿ, ಹತ್ತಿರ ಕುಳಿತು ಕೇಳಿ.